ನಲವತ್ತು ಗರಿಗಳ ಕಾಲೇಜು

ಮೂರು ಗುಡ್ಡಗಳ ನಡುವೆ ಹರಡಿಕೊಂಡಿದ್ದ ಒಂದು ಕಾಡಿನಲ್ಲಿ ಪ್ರಾಣಿಗಳ ಮಕ್ಕಳಿಗಾಗಿ ಮೂರು ಕಾಲೇಜುಗಳಿದ್ದವು. ಹೊಳೆದಂಡೆ ಕಾಲೇಜನ್ನು ನೀರುನಾಯಿ ತುಂಗವ್ವ ನಡೆಸುತ್ತಿದ್ದಳು. ಹುಲ್ಲುಬಯಲು ಕಾಲೇಜಿಗೆ ಕಡವೆ ಭರಮಣ್ಣ ಮೇಷ್ಟ್ರು. ಬಂಡೆಗುಡ್ಡದ ಮೇಲಿನ ಕಾಲೇಜಿಗೆ ನರಿ ಸಂಕಪ್ಪನೇ ಪ್ರಿನ್ಸಿಪಾಲ.

ಪ್ರತಿ ವರ್ಷ ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಕ್ರೀಡಾಕೂಟ ನಡೆಯುತ್ತಿತ್ತು. ಓಟ, ನೆಗೆತ, ಈಜು, ಮರ ಹತ್ತುವುದು, ಕುಸ್ತಿ, ಹೀಗೆ ಹತ್ತು ಬಗೆಯ ಆಟ. ಗೆದ್ದವರಿಗೆ ಒಂದು ನವಿಲುಗರಿ. ಆ ಗರಿಯನ್ನು ಅವರ ಕಾಲೇಜಿನ ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಏಳು ವರ್ಷಗಳಲ್ಲಿ ಹೊಳೆದಂಡೆಗೆ ಹದಿನೆಂಟು ಗರಿ ಬಂದಿದ್ದವು. ಹುಲ್ಲುಬಯಲಿಗೆ ಹನ್ನೆರಡು. ಬಂಡೆಗುಡ್ಡಕ್ಕೆ ಮಾತ್ರ ನಲವತ್ತು! ಅದರ ಬಾಗಿಲು ದೂರದಿಂದ ನೋಡಿದರೆ ನವಿಲೇ ಗರಿಬಿಚ್ಚಿ ನಿಂತ ಹಾಗೆ ಕಾಣುತ್ತಿತ್ತು.

ಆ ವರ್ಷ ಪಕ್ಕದ ಕಾಡಿನವರ ಜೊತೆ ಪಂದ್ಯ ನಡೆದು ಈ ಕಾಡಿನ ಮಕ್ಕಳು ಸೋತರು. ಎಲ್ಲರಿಗೂ ಬೇಸರವಾಯಿತು. ಸಂಕಪ್ಪ ಇದೇ ಸಮಯ ನೋಡಿ ಗುಹೆ ಗುಹೆಗೂ, ಪೊದೆ ಪೊದೆಗೂ ಹೋದ.

"ಒಳ್ಳೆಯ ಆಟಗಾರರು ಮೂರು ಕಡೆ ಹಂಚಿಹೋದರೆ ಗೆಲ್ಲುವುದು ಹೇಗೆ? ಎಲ್ಲಾ ಆಟಗಳನ್ನೂ ಸೇರಿಸಿ ನೋಡಿದರೆ ಯಾವ ಕಾಲೇಜು ಮುಂದಿದೆಯೋ ಅದೊಂದೇ ಇರಲಿ. ಉಳಿದ ಎರಡನ್ನು ಮುಚ್ಚಿಬಿಡೋಣ. ಕಾಡಿನ ಮಕ್ಕಳೆಲ್ಲ ಅಲ್ಲಿಗೇ ಬರಲಿ" ಎಂದ.

ಮಾತು ಹಲವರಿಗೆ ಸರಿ ಎನಿಸಿತು. ಯಾವ ಕಾಲೇಜು ಮುಂದೆ ಎಂದು ವಾದ ಮಾಡಿ ತೀರ್ಮಾನಿಸಲು ಒಂದು ಬೆಳಿಗ್ಗೆ ದೊಡ್ಡ ಆಲದ ಮರದ ಕೆಳಗೆ ಸಭೆ ಸೇರಿತು. ತೀರ್ಪು ಹೇಳಲು ಕಾಡಿನಲ್ಲೇ ಹಿರಿಯಳಾದ ಆನೆ ಗೌರಜ್ಜಿಯನ್ನು ಕೂರಿಸಿದರು.

ಮೊದಲು ತುಂಗವ್ವ ಎದ್ದು ನಿಂತಳು.

"ಏಳು ವರ್ಷದಿಂದ ಈಜಿನ ಗರಿ ನಮ್ಮ ಬಾಗಿಲು ಬಿಟ್ಟು ಎಲ್ಲಿಗೂ ಹೋಗಿಲ್ಲ. ನಮ್ಮ ಮಕ್ಕಳು ಪ್ರವಾಹದಲ್ಲೂ ಈಜುತ್ತಾರೆ" ಎಂದಳು.

ಸಂಕಪ್ಪ ನಕ್ಕ. "ಈಜು ಒಂದೇ ಆಟವೇನಮ್ಮ? ನಿಮ್ಮ ಆಮೆ ಓಡಿದ್ದನ್ನು ನಾವೆಲ್ಲ ನೋಡಿಲ್ಲವೇ? ಅದು ಗೆರೆ ಮುಟ್ಟುವಷ್ಟರಲ್ಲಿ ನಾವು ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದಿದ್ದೆವು!"

ಸಭೆ ಗೊಳ್ಳೆಂದು ನಕ್ಕಿತು. ತುಂಗವ್ವ ಕೂತುಬಿಟ್ಟಳು.

ಭರಮಣ್ಣ ಮೇಷ್ಟ್ರು ಮೆಲ್ಲನೆ ಎದ್ದರು. ಅವರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ.

"ನಮ್ಮಲ್ಲಿ ಇನ್ನೂರು ಮಕ್ಕಳಿದ್ದಾರೆ. ಸುಮ್ಮನೆ ಕೂತು ನೋಡುವವರು ಒಬ್ಬರೂ ಇಲ್ಲ. ಎಲ್ಲರೂ ಆಡುತ್ತಾರೆ. ಮುಳ್ಳುಹಂದಿಯ ಮರಿ ಕೂಡ ನೆಗೆಯುತ್ತದೆ."

"ನೆಗೆಯಲಿ ಮೇಷ್ಟ್ರೇ, ಬೇಡ ಎಂದವರು ಯಾರು? ಎಷ್ಟು ಎತ್ತರ ನೆಗೆಯುತ್ತದೆ, ಅದನ್ನು ಹೇಳಿ" ಎಂದ ಸಂಕಪ್ಪ.

"ಒಂದು ಗೇಣು" ಎಂದರು ಮೇಷ್ಟ್ರು.

ಮತ್ತೆ ನಗು. ಮಂಗಗಳಂತೂ ಕೊಂಬೆ ಹಿಡಿದು ಜೋತಾಡಿ ನಕ್ಕವು. ಮೇಷ್ಟ್ರ ಕಿವಿಗಳು ಜೋತುಬಿದ್ದವು.

ಆಗ ಸಂಕಪ್ಪ ಸನ್ನೆ ಮಾಡಿದ. ಅವನ ಶಿಷ್ಯರು ನಲವತ್ತು ಗರಿಗಳನ್ನೂ ತಂದು ನೆಲದಲ್ಲಿ ಸಾಲಾಗಿ ನೆಟ್ಟರು. ಬಿಸಿಲಿಗೆ ಅವು ಮಿರಮಿರ ಮಿಂಚಿದವು. "ಅಬ್ಬಬ್ಬಾ!" ಎಂದು ಸಭೆ ಬಾಯಿ ಬಿಟ್ಟಿತು.

ಮುಂದಿನ ಸಾಲಿನಲ್ಲಿ ಜಿಂಕೆ ಹೊನ್ನವ್ವ ಕೂತಿದ್ದಳು. ಅವಳು ಪಕ್ಕದಲ್ಲಿದ್ದ ಕಾಡುಕುರಿಗೆ, "ಅದರಲ್ಲಿ ಆರು ಗರಿ ನಮ್ಮ ಮಿಂಚಿಯದು" ಎಂದಳು. ಅವಳ ಮಗಳು ಮಿಂಚಿ ಮೊದಲು ಹುಲ್ಲುಬಯಲಿನಲ್ಲಿ ಕಲಿಯುತ್ತಿದ್ದಳು. ಅವಳ ಓಟ ನೋಡಿದ ಸಂಕಪ್ಪ ಆಸೆ ತೋರಿಸಿ ತನ್ನ ಕಾಲೇಜಿಗೆ ಸೇರಿಸಿಕೊಂಡಿದ್ದ. ಮೂರು ವರ್ಷ ಓಟದಲ್ಲೂ ನೆಗೆತದಲ್ಲೂ ಅವಳೇ ಮೊದಲು. ಆಮೇಲೆ ಒಂದೂವರೆ ವರ್ಷದಿಂದ ತಾಯಿ ಮಗಳ ಮುಖವನ್ನೇ ನೋಡಿರಲಿಲ್ಲ. ದೊಡ್ಡ ತರಬೇತಿ ನಡೆಯುತ್ತಿದೆ, ಮನೆಯವರನ್ನು ಕಂಡರೆ ಮಕ್ಕಳ ಮನಸ್ಸು ಮೆತ್ತಗಾಗುತ್ತದೆ ಎಂದು ಸಂಕಪ್ಪ ಹೇಳಿದ್ದ. ಹೊನ್ನವ್ವ ಪ್ರತಿ ಹುಣ್ಣಿಮೆಗೆ ಎಳೆ ಗರಿಕೆಯ ಕಟ್ಟು ತಂದು ಕಾಲೇಜಿನ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದಳು.

"ಅಜ್ಜಿ, ಇನ್ನೇನು ವಾದ? ಗರಿಗಳೇ ಮಾತಾಡುತ್ತಿವೆ" ಎಂದ ಸಂಕಪ್ಪ.

ಗೌರಜ್ಜಿ ತಲೆದೂಗಿದಳು. "ಹೌದಪ್ಪ, ಗರಿ ಬಹಳ ಇವೆ. ತೀರ್ಪು ಹೇಳುವುದಕ್ಕೆ ಮುಂಚೆ ಒಂದು ಆಸೆ. ಯಾವ ಗರಿ ಯಾರು ಗೆದ್ದರೋ ಅವರೇ ಬಂದು ಅದನ್ನು ಹಿಡಿದು ನಿಲ್ಲಲಿ. ವಯಸ್ಸಾಯಿತು, ಮಕ್ಕಳನ್ನು ಒಮ್ಮೆ ಕಣ್ತುಂಬ ನೋಡಿ ಹರಸುತ್ತೇನೆ."

ಅಜ್ಜಿಯ ಮನಸ್ಸಿನಲ್ಲಿ ಯಾವ ಅನುಮಾನವೂ ಇರಲಿಲ್ಲ. ಆದರೆ ಅಲ್ಲಾಡುತ್ತಿದ್ದ ಸಂಕಪ್ಪನ ಬಾಲ ಗಕ್ಕನೆ ನಿಂತಿತು.

ಐದು ಮಕ್ಕಳು ಮುಂದೆ ಬಂದು ಒಂಬತ್ತು ಗರಿ ಹಿಡಿದುಕೊಂಡರು. ಉಳಿದ ಮೂವತ್ತೊಂದು ಗರಿಗಳ ಹತ್ತಿರ ಯಾರೂ ಬರಲಿಲ್ಲ.

"ಇವನ್ನು ಗೆದ್ದವರೆಲ್ಲಿ?" ಎಂದು ಅಜ್ಜಿ ಕೇಳಿದಳು.

"ಅವರು... ಮೇಲಿನ ತರಬೇತಿಗೆ ಹೋಗಿದ್ದಾರೆ, ಅಜ್ಜಿ. ದೂರ. ಜಲಪಾತದ ಆಚೆ."

"ಜಲಪಾತದ ಆಚೆಗಾ?" ಹೊನ್ನವ್ವ ಎದ್ದು ನಿಂತಳು. "ನಮ್ಮ ಮಿಂಚಿ ಗುಡ್ಡದ ಮೇಲೇ ಇದ್ದಾಳೆ ಅಂತ ಮೊನ್ನೆ ಹುಣ್ಣಿಮೆಗೆ ನೀವೇ ಹೇಳಿದಿರಲ್ಲ, ಪ್ರಿನ್ಸಿಪಾಲರೇ?"

ಹಿಂದಿನಿಂದ ಕರಿಮುಖದ ಮುದಿ ಮುಸುವ ಕೂಗಿತು. "ನನ್ನ ಮಗ ಸಮುದ್ರದ ಕಡೆ ಹೋಗಿದ್ದಾನೆ ಅಂದಿರಿ!"

"ನನ್ನ ತಮ್ಮ ಪಕ್ಕದ ಕಾಡಿನಲ್ಲಿ ಕುಸ್ತಿ ಕಲಿಸುತ್ತಿದ್ದಾನೆ ಅಂದಿರಲ್ಲ!" ಎಂದಿತು ಒಂದು ಕರಡಿ.

ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಮಗು ಒಂದೇ ಮನೆಗೆ ಬಂದಿಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಹೆಮ್ಮೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಈಗ ಕೇಳಿದರೆ ಬಾಯಿಗೊಂದು ಊರು!

ಹೊನ್ನವ್ವ ಯಾರ ಅಪ್ಪಣೆಗೂ ಕಾಯಲಿಲ್ಲ. ಬಂಡೆಗುಡ್ಡದ ಕಡೆಗೆ ಓಡಿದಳು. ಸಭೆ ಅವಳ ಹಿಂದೆ ಹೊರಟಿತು. ಸಂಕಪ್ಪ ಅಡ್ಡ ಬಂದು, "ಬೇಡಿ, ಅಲ್ಲಿ ಹಾವಿನ ಹುತ್ತಗಳಿವೆ! ನಾನೇ ಹೋಗಿ ಕರೆತರುತ್ತೇನೆ!" ಎಂದು ಕೂಗಿದ. ಯಾರೂ ನಿಲ್ಲಲಿಲ್ಲ.

ಕಾಲೇಜಿನ ಒಳಗೆ ಯಾರೂ ಕಾಣಲಿಲ್ಲ. ಹೊನ್ನವ್ವ ಮೂಲೆ ಮೂಲೆ ಹುಡುಕಿ ಸೋತು ನಿಂತಳು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಗೌರಜ್ಜಿ ಬಂದಳು. ಸೊಂಡಿಲನ್ನು ಗಾಳಿಗೆ ಎತ್ತಿದಳು.

"ಗಾಯದ ವಾಸನೆ. ದೊಡ್ಡ ಬಂಡೆಯ ಹಿಂದಿನಿಂದ ಬರುತ್ತಿದೆ" ಎಂದಳು.

ಬಂಡೆಯ ಹಿಂದೆ ಆಳೆತ್ತರದ ಮುಳ್ಳುಬೇಲಿ ಇತ್ತು. ಅಜ್ಜಿ ಅದನ್ನು ಸೊಂಡಿಲಿನಿಂದ ಕಿತ್ತು ಎಸೆದಳು. ಒಳಗೆ ಒಂದು ಕತ್ತಲೆಯ ಗವಿ. ಅದರೊಳಗೆ ಹನ್ನೊಂದು ಮಕ್ಕಳು ಮಲಗಿದ್ದರು.

ಮುಸುವನ ಮಗನ ಭುಜ ಕಳಚಿ ಜೋತಿತ್ತು. ಕರಡಿಯ ತಮ್ಮನಿಗೆ ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಮೊಲವೊಂದರ ಪಾದ ಊದಿ ಅದರ ತಲೆಯಷ್ಟು ಗಾತ್ರವಾಗಿತ್ತು. ಕಾಡೇ ಚಪ್ಪಾಳೆ ತಟ್ಟಿ ಮೆರೆಸಿದ್ದ ಮಕ್ಕಳು ಇವರೇ. ಬಂದವರಲ್ಲಿ ಕೆಲವರು ಮುಖ ಮುಚ್ಚಿಕೊಂಡರು.

ಮೂಲೆಯಲ್ಲಿದ್ದ ಒಂದು ಜಿಂಕೆ ಏಳಲು ನೋಡಿತು. ಅದರ ಮುಂಗಾಲಿನ ಗೊರಸು ಒಡೆದು ಬುಡದವರೆಗೂ ಬಾಯಿಬಿಟ್ಟಿತ್ತು.

"ಮಿಂಚೀ!" ಹೊನ್ನವ್ವ ಮುಗ್ಗರಿಸಿ ಬಿದ್ದಳು. ತೆವಳಿಕೊಂಡೇ ಮಗಳ ಬಳಿ ಹೋದಳು. "ಏನಾಯಿತು ಮಗಳೇ ಇದು? ಯಾವಾಗ ಆಯಿತು?"

"ನಾನು ಓಡಿದ ಕೊನೆಯ ಕ್ರೀಡಾಕೂಟಕ್ಕೆ ಮುಂಚೆಯೇ ಬಿರುಕು ಬಿಟ್ಟಿತ್ತು, ಅವ್ವಾ. ಹೇಳಿದೆ. ಸೊಪ್ಪು ಅರೆದು ಕಟ್ಟಿ ಓಡು ಅಂದರು. ಓಡಿದೆ, ಗೆದ್ದೆ. ಆಮೇಲೆ ಊರಲು ಆಗಲಿಲ್ಲ."

"ಮನೆಗೆ ಯಾಕೆ ಬರಲಿಲ್ಲ? ಬಾಯಿಬಿಟ್ಟು ಹೇಳಿ ಕಳಿಸಿದ್ದರೆ ಹೊತ್ತುಕೊಂಡು ಹೋಗುತ್ತಿದ್ದೆನಲ್ಲೇ!"

ಮಿಂಚಿ ತಾಯಿಯನ್ನು ಬೆರಗಿನಿಂದ ನೋಡಿದಳು. "ನೀನೇ ಬೇಡ ಅಂದೆಯಂತೆ. ಕುಂಟುವ ಮಗಳು ಮನೆಗೆ ಬಂದರೆ ಅವಮಾನ, ಅಲ್ಲೇ ಇಟ್ಟುಕೊಳ್ಳಿ ಅಂತ ಹೇಳಿ ಕಳಿಸಿದೆಯಂತೆ."

"ನಾನಾ? ಪ್ರತಿ ಹುಣ್ಣಿಮೆಗೆ ಗರಿಕೆ ತಂದು ಕೊಡುತ್ತಿದ್ದೆನಲ್ಲ, ಅದು ನಿನಗೆ ಮುಟ್ಟಲಿಲ್ಲವಾ?"

"ಗರಿಕೆನಾ? ಯಾವ ಗರಿಕೆ, ಅವ್ವಾ?"

ಹಿಂದೆ ನಿಂತಿದ್ದ ಮುಸುವ, ಕರಡಿ ಎಲ್ಲರೂ ಅದನ್ನು ಕೇಳಿದರು. ತಮ್ಮ ಮಕ್ಕಳಿಗೂ ಇದೇ ಮಾತು ಹೇಳಲಾಗಿತ್ತು ಎಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಎಲ್ಲರೂ ಸಂಕಪ್ಪನ ಕಡೆ ತಿರುಗಿದರು. ಅವನು ಹಿಂದೆ ಹಿಂದೆ ಸರಿಯುತ್ತಾ, "ನನ್ನೊಬ್ಬನನ್ನೇ ಯಾಕೆ ನೋಡುತ್ತೀರಿ? ಗೆಲ್ಲಿಸಿ, ಗೆಲ್ಲಿಸಿ ಅಂದವರು ನೀವು! ಇವರು ಗೆದ್ದಾಗ ಕುಣಿದವರು ನೀವು! ಆಮೇಲೆ ಎಲ್ಲಿ ಹೋದರು ಅಂತ ಒಬ್ಬರಾದರೂ ಬಂದು ಹುಡುಕಿದಿರಾ?" ಎಂದು ಅರಚಿದ.

ಅಷ್ಟು ಹೇಳಿ ತಿರುಗಿ ಓಟ ಕಿತ್ತ. ಗವಿಯ ಪಕ್ಕದಲ್ಲಿ ಅವನೇ ತೋಡಿಸಿದ್ದ ಅಗಲವಾದ ಗುಂಡಿ ಇತ್ತು. ಅದರ ತಳಕ್ಕೆ ಕಾರೆಮುಳ್ಳು ಹರಡಿಸಿದ್ದ. ದಾಟದವರಿಗೆ ಊಟವಿಲ್ಲ ಎಂದು ಹೆದರಿಸಿ ಮಕ್ಕಳನ್ನು ಅದರ ಮೇಲೆ ಹಾರಿಸುತ್ತಿದ್ದ. ಆದರೆ ತಾನು ಒಂದು ದಿನವೂ ಅದನ್ನು ಹಾರಿದವನಲ್ಲ. ಈಗ ಬೇರೆ ದಾರಿ ಇರಲಿಲ್ಲ. ಹಾರಿದ. ನಡುವಿಗೇ ಬಿದ್ದ.

"ಅಯ್ಯೋ! ಸತ್ತೆ! ಎತ್ತಿ ನನ್ನ!" ಎಂದು ಊಳಿಟ್ಟ.

ಯಾರೂ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಗೌರಜ್ಜಿಯೇ ಸೊಂಡಿಲು ಇಳಿಸಿ ಅವನನ್ನು ಎತ್ತಿ ಹೊರಗೆ ಹಾಕಿದಳು. ಮೈ ತುಂಬ ಮುಳ್ಳು. ಹಿಂಗಾಲು ಮುರಿದಿತ್ತು.

ಅಜ್ಜಿ ಅವನ ಮುಂದೆ ನಿಂತು ಹೇಳಿದಳು: "ಈ ಕಾಲೇಜು ಇವತ್ತಿಗೆ ಮುಚ್ಚಿತು. ನೀನು ಇನ್ನು ಯಾರಿಗೂ ಏನನ್ನೂ ಕಲಿಸಬಾರದು. ನಿನ್ನ ಕಾಲು ಕೂಡಿಕೊಂಡ ದಿನದಿಂದ ಈ ಹನ್ನೊಂದು ಮಕ್ಕಳಿಗೆ ನೀರು, ಸೊಪ್ಪು, ಆಹಾರ ನೀನೇ ಹೊರಬೇಕು. ಎಲ್ಲರ ಕಣ್ಣೆದುರಿಗೆ. ಅವರು ಸಾಕು ಅನ್ನುವ ತನಕ."

ಸಂಕಪ್ಪ ತಲೆ ತಗ್ಗಿಸಿದ. ನಲವತ್ತು ಗರಿಗಳೆಂದು ಎದೆಯುಬ್ಬಿಸಿ ನಡೆಯುತ್ತಿದ್ದವನು ಆಮೇಲೆ ಕುಂಟುತ್ತಾ ನೀರು ಹೊರುವುದನ್ನು ಕಾಡೆಲ್ಲ ನೋಡಿತು.

ಆಗ ಭರಮಣ್ಣ ಮೇಷ್ಟ್ರು ಮಿಂಚಿಯ ಮುಂದೆ ಬಂದು ಮಂಡಿಯೂರಿದರು.

"ನೀನು ನಮ್ಮ ಕಾಲೇಜು ಬಿಟ್ಟಾಗ ನನಗೆ ಸಿಟ್ಟು ಬಂದಿತ್ತು, ಮಗೂ. ಆ ಸಿಟ್ಟಿನಲ್ಲಿ ಒಂದು ದಿನವೂ ನಿನ್ನನ್ನು ನೋಡಲು ಬರಲಿಲ್ಲ. ನಿನಗೆ ಓಡುವುದನ್ನು ಕಲಿಸಿದವನು ನಾನು. ಬರಬೇಕಿತ್ತು."

ಮಿಂಚಿ ಅವರ ಕೊಂಬಿಗೆ ತನ್ನ ಹಣೆ ತಾಗಿಸಿದಳು.

ತುಂಗವ್ವ ಹೊಳೆಯಿಂದ ನೀರು ತರಿಸಿ ಗಾಯಗಳನ್ನು ತೊಳೆದಳು. ಕರಡಿಯ ಮನೆಯವರು ಜೇನು ತಂದು ಹಚ್ಚಿದರು. ಅಷ್ಟು ಹೊತ್ತಿಗೆ ಗುಂಪಿನಲ್ಲಿದ್ದ ಒಂದು ಕಾಡುಹಂದಿ, "ಹಾಗಾದರೆ ಯಾವ ಕಾಲೇಜು ಮುಂದೆ, ಅಜ್ಜಿ? ತೀರ್ಪು ಉಳಿಯಿತಲ್ಲ" ಎಂದಿತು.

ಗೌರಜ್ಜಿ ಅದನ್ನು ದಿಟ್ಟಿಸಿ ನೋಡಿದಳು. "ಇಷ್ಟೆಲ್ಲ ನೋಡಿದ ಮೇಲೂ ಆ ಪ್ರಶ್ನೆ ಕೇಳುತ್ತೀಯಲ್ಲಪ್ಪ! ಹೊಳೆದಂಡೆಯೂ ಇರಲಿ, ಹುಲ್ಲುಬಯಲೂ ಇರಲಿ. ಮೊದಲನೆಯ ಸ್ಥಾನ ಖಾಲಿ ಬಿಡಿ. ಇನ್ನು ಮೇಲೆ ಯಾವ ತಂದೆ ತಾಯಿ ಯಾವ ದಿನ ಬಂದರೂ ಕಾಲೇಜಿನ ಬಾಗಿಲು ತೆರೆಯಬೇಕು."

ಮೇಷ್ಟ್ರು ಮಿಂಚಿಯನ್ನು ಬೆನ್ನ ಮೇಲೆ ಹೊರುತ್ತೇನೆ ಎಂದರು. ಮಿಂಚಿ ಒಪ್ಪಲಿಲ್ಲ. "ನಡೆದೇ ಮನೆಗೆ ಹೋಗುತ್ತೇನೆ" ಎಂದಳು. ಗುಡ್ಡದಿಂದ ಮನೆಗೆ ಅವಳು ಒಂದು ಕಾಲದಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಓಡುತ್ತಿದ್ದಳು. ಇವತ್ತು ಹತ್ತು ಹೆಜ್ಜೆಗೊಮ್ಮೆ ನಿಂತಳು. ಅವಳು ನಿಂತಾಗಲೆಲ್ಲ ಹೊನ್ನವ್ವನೂ ನಿಂತಳು. ಬೇಗ ಬಾ ಎಂದು ಒಮ್ಮೆಯೂ ಅನ್ನಲಿಲ್ಲ. ದಾರಿಯುದ್ದಕ್ಕೂ ಪ್ರಾಣಿಗಳು ಎರಡು ಬದಿಯಲ್ಲಿ ನಿಂತಿದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಜೈಕಾರ ಹಾಕಲಿಲ್ಲ. ತಾಯಿ ಮಗಳು ದಾಟಿ ಹೋಗುವ ತನಕ ತಲೆ ಬಾಗಿಸಿಕೊಂಡು ನಿಂತಿದ್ದವು.

ನೀತಿ: ಎಷ್ಟು ಗೆದ್ದರು ಎಂದು ಎಣಿಸುವ ಮೊದಲು, ಗೆದ್ದವರು ಹೇಗಿದ್ದಾರೆ ಎಂದು ವಿಚಾರಿಸಬೇಕು. ಮಕ್ಕಳನ್ನು ಮುರಿದು ಗಳಿಸಿದ ಹೆಸರು ಒಂದಲ್ಲ ಒಂದು ದಿನ ಮಣ್ಣುಪಾಲಾಗುತ್ತದೆ.