ದುರ್ಗಪ್ಪನ ಕೋವಿ

ತುಂಗಭದ್ರೆಯ ದಂಡೆಯಲ್ಲಿ ನೀಲಗಂಗವ್ವನ ಕೆಲಸದ ಗುಡಿಸಲು. ಮೊದಲು ನಾಟಕ ಕಂಪನಿಗಳಿಗೆ ಕತ್ತಿ, ಗುರಾಣಿ ಮಾಡಿಕೊಡುತ್ತಿದ್ದವಳು ಆಮೇಲೆ ಸಿನಿಮಾಕ್ಕೆ, ಟೀವಿಗೆ ಹಳೆಗಾಲದ ಕೋವಿಗಳನ್ನು ಮಾಡಿದಳು. ಅವು ಸಿಡಿಯುತ್ತಿರಲಿಲ್ಲ. ಆದರೂ ಜನ ಅವುಗಳ ಬಾಯಿಗೆ ಎದುರಾಗಿ ನಿಲ್ಲುತ್ತಿರಲಿಲ್ಲ.

ಕೊಟ್ರೇಶ ಅವಳ ಶಿಷ್ಯ.

ಒಂದು ಬೆಳಿಗ್ಗೆ ಅವನು ಬಟ್ಟೆಯಲ್ಲಿ ಸುತ್ತಿದ ಕೋವಿಯೊಂದನ್ನು ತಂದು ಅವಳ ಮುಂದೆ ಬಿಚ್ಚಿದ. ಪಾಳೆಯಗಾರರ ಕಾಲದ ಬತ್ತಿ ಕೋವಿ. ಬೆರಳಿನಿಂದ ಕೋವಿಯ ಕುದುರೆ ಎಳೆದರೆ, ಉರಿಯುವ ನೂಲಿನ ಬತ್ತಿ ಬಾಗಿ ಮದ್ದಿಗೆ ಕಿಡಿ ಮುಟ್ಟಿಸುವಂಥದ್ದು.

"ಅವ್ವಾ, ಸೋಮವಾರ ಧಾರಾವಾಹಿ ನಿರ್ದೇಶಕರು ಬರ್ತಾರ. ಇದನ್ನ ಒಪ್ಪಿದ್ರ ಕೋಟೆ ಕಾಳಗದ ಕೋವಿ ಎಲ್ಲಾ ನನ್ನ ಕೈಗೇ. ನನ್ನ ಹೆಸರಿನಾಗ ಮೊದಲನೇ ಕೆಲಸ."

"ಒಪ್ಪದಿದ್ರ?"

"ಬ್ಯಾರೆ ಯಾರಿಗೋ ಹೋಗ್ತದ."

ನೀಲಗಂಗವ್ವ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಳಿಗೆಯ ಉದ್ದ ಸರಿಯಿತ್ತು. ಬತ್ತಿ ಕಚ್ಚುವ ಕೊಕ್ಕೆ ಸರಿಯಿತ್ತು. ಮದ್ದಿನ ಬಟ್ಟಲಿಗೆ ಮುಚ್ಚಳವೂ ಇತ್ತು.

"ತುಕ್ಕು ಹೆಂಗ ಹಿಡಿಸಿದಿ?"

ಕೊಟ್ರೇಶ ಇದೇ ಪ್ರಶ್ನೆಗೆ ಕಾದಿದ್ದ.

"ಉಪ್ಪುನೀರು, ಹುಣಸೆಹುಳಿ. ಆಮೇಲೆ ಹೊಳಿ ಉಸುಕಿನಾಗ ಹೂತಿಟ್ಟೆ. ಕಟ್ಟಿಗಿಗೆ ಚಹಾದ ಡಿಕಾಕ್ಷನ್, ಮ್ಯಾಲೆ ಹೊಗಿ. ಈ ಬಿರುಕು ನೋಡ್ರಿ, ಮ್ಯೂಸಿಯಮ್ಮಿನ ಕೋವಿಗೆ ಇದ್ದಲ್ಲೇ ಐತಿ. ಗಾಜಿಗೆ ಮೂಗು ಹಚ್ಚಿ ನೋಡಿ ಬರಕೊಂಡು ಬಂದೀನಿ. ಒಂದು ಕಲೆ ಬಿಟ್ಟಿಲ್ಲ."

"ಕಥಿಯೊಳಗ ಇದು ಯಾರ ಕೋವಿ?"

"ಕೋಟೆ ಕಾಯೋ ದುರ್ಗಪ್ಪಂದು. ಪ್ರಾಯದ ಹುಡುಗ. ಹೊಸದಾಗಿ ಕಾವಲಿಗೆ ಸೇರಿರ್ತಾನ."

ನೀಲಗಂಗವ್ವ ಕೋವಿಯನ್ನು ಒಮ್ಮೆ ಮೂಸಿದಳು.

"ದುರ್ಗಪ್ಪ ಇದನ್ನ ಮ್ಯೂಸಿಯಮ್ಮಿನಿಂದ ಕದ್ದನೇನು?"

ಕೊಟ್ರೇಶ ನಕ್ಕ. ನಗು ಅರ್ಧಕ್ಕೆ ನಿಂತಿತು.

ಅವಳು ಒಂದು ಬೋಗುಣಿಯಲ್ಲಿ ಇಟ್ಟಿಗೆ ಪುಡಿ, ಬೂದಿ ಹಾಕಿ ಅವನ ಕಡೆಗೆ ತಳ್ಳಿದಳು.

"ಅವ್ವಾ, ಬ್ಯಾಡ. ಈ ತುಕ್ಕು ಕೂರಿಸಾಕ ಒಂದು ಬ್ಯಾಸಿಗಿ ಹೋಗೈತಿ."

"ಅದಕ್ಕೇ ಚೊಲೋ ಕೂತೈತಿ. ಜೋರಾಗಿ ತಿಕ್ಕು."

ಅವನು ತಿಕ್ಕಿದ. ಮೊದಲು ಸಿಟ್ಟಿನಿಂದ ತಿಕ್ಕಿದ. ನಳಿಗೆಯ ಒಂದು ಕಡೆ ಬೆಳ್ಳಗೆ ಕಂಡಾಗ ಕೈ ನಿಧಾನವಾಯಿತು. ಬಿರುಕನ್ನು ಮೇಣದಿಂದ ಮುಚ್ಚಿದ. ಕಟ್ಟಿಗೆಗೆ ಎಣ್ಣೆ ಹಚ್ಚಿದ. ಸಂಜೆಗೆ ಕೋವಿ ಕನ್ನಡಿಯಾಗಿತ್ತು.

"ತಿಳೀತವ್ವಾ. ಅದು ನಮಗ ಹಳೇದು. ದುರ್ಗಪ್ಪಗ ಹೊಸದು."

"ಹೌದೇನು? ಹಂಗಾರ ಈಗ ಇದು ಯಾರದು?"

"ದುರ್ಗಪ್ಪಂದು."

"ಅಲ್ಲ. ಇನ್ನೂ ಕಮ್ಮಾರಂದು."

ಕೊಟ್ರೇಶ ಅಲ್ಲೇ ಕುಸಿದು ಕೂತ. "ಹಳೇದೂ ಬ್ಯಾಡ, ಹೊಸದೂ ಬ್ಯಾಡ. ಅರ್ಧ ತುಕ್ಕು ಹಚ್ಚಲೇನು?"

"ಹೊತ್ತುಕೊಂಡು ತಿರುಗು."

"ಎಲ್ಲಿಗೆ?"

"ಎಲ್ಲಿಗಾರ. ಸೋಮವಾರದ ತನಕ ನೆಲಕ್ಕ ಇಡಬ್ಯಾಡ."

ಕೊಟ್ರೇಶ ಹೊತ್ತ. ಒಂದೇ ಕೈಯಲ್ಲಿ ರೊಟ್ಟಿ ಮುರಿದು ತಿಂದ. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಏನಣ್ಣಾ, ಮೀನಿಗೆ ಗುರಿ ಇಟ್ಟೀಯೇನು?" ಎಂದು ಕಾಡಿದರು. ಬತ್ತಿ ಹೊತ್ತಿಸಿಕೊಂಡು ಕಾವಲುಗಾರನಂತೆ ನಿಂತುನೋಡಿದ. ಕೈಯಲ್ಲಿ ಕೆಂಡ, ಸೊಂಟದಲ್ಲಿ ಮದ್ದಿನ ಚೀಲ. ಚೀಲದಲ್ಲಿ ಬರೀ ಇದ್ದಿಲ ಪುಡಿ ಇದ್ದರೂ ಅವನ ತೋಳು ತಾನಾಗಿಯೇ ಬತ್ತಿಯನ್ನು ಚೀಲದಿಂದ ದೂರ ಹಿಡಿಯತೊಡಗಿತು. ಸಿನಿಮಾದಲ್ಲಿ ಯಾರೂ ಹಾಗೆ ಹಿಡಿದದ್ದನ್ನು ಅವನು ನೋಡಿರಲಿಲ್ಲ.

ಭಾನುವಾರ ತುಂತುರು ಹನಿಯಿತು. ಕೊಟ್ರೇಶ ಹೆಗಲ ಮೇಲಿನ ಟವೆಲ್ ತೆಗೆದು ಕೋವಿಗೆ ಸುತ್ತಿದ. ತಾನು ನೆನೆದ.

ನೀಲಗಂಗವ್ವ ಬಾಗಿಲಲ್ಲಿ ನಿಂತು ನೋಡಿದಳು.

ಸೋಮವಾರದ ಹೊತ್ತಿಗೆ ಹಿಡಿಕೆ ಬೆವರಿಗೆ ಕಪ್ಪಾಗಿತ್ತು. ಹೆಬ್ಬೆರಳು ತಾಗುವಲ್ಲಿ ಹಿಡಿಕೆಯ ಹಿತ್ತಾಳೆ ಪಟ್ಟಿ ಇನ್ನಷ್ಟು ಹೊಳೆಯುತ್ತಿತ್ತು. ಬಟ್ಟಲಿನ ಪಕ್ಕ ಬತ್ತಿ ತಾಗಿ ಒಂದು ಸುಟ್ಟ ಗುರುತು. ಇವು ಯಾವುವೂ ಮ್ಯೂಸಿಯಮ್ಮಿನ ಕೋವಿಯನ್ನು ನೋಡಿ ಬರೆದುಕೊಂಡದ್ದರಲ್ಲಿ ಇರಲಿಲ್ಲ.

ನಿರ್ದೇಶಕ ಸುಕೇಶ್ ಕಾರಿನಿಂದ ಇಳಿದು ಕೋವಿಯನ್ನು ನೋಡಿದ. ಮುಖ ಸಣ್ಣದಾಯಿತು.

"ಇದೇನ್ರೀ ಕೊಟ್ರೇಶ್? ಪಾಳೆಯಗಾರರ ಕಾಲದ್ದು ಕೇಳಿದ್ರೆ ಮೊನ್ನೆಮೊನ್ನೆ ಮಾಡಿದ ಹಾಗಿದೆ. ಸ್ವಲ್ಪ ತುಕ್ಕು ಗಿಕ್ಕು ಇದ್ರೆ ತಾನೇ ಜನ ನಂಬೋದು? ನಾಳೆಗೆ ಹಚ್ಚಿಕೊಡಿ, ಕೆಲಸ ನಿಮ್ಮದೇ."

ನಾಳೆಗೆ ಹಚ್ಚಬಹುದಿತ್ತು. ಉಪ್ಪು, ಹುಣಸೆ ಗುಡಿಸಲಲ್ಲೇ ಇದ್ದವು. ಕೊಟ್ರೇಶ ಗುರುವಿನ ಮುಖ ನೋಡಿದ. ನೀಲಗಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಹಚ್ಚಲ್ಲ ಸರ್."

"ಯಾಕ್ರೀ?"

"ಇದರ ಮೇಲೆ ದುರ್ಗಪ್ಪನ ಜೀವ ನಿಂತೈತಿ. ತುಕ್ಕು ಹಿಡಿಯಾಕ ಅವನು ಬಿಡ್ತಿರಲಿಲ್ಲ."

"ಕೆಲಸ ಬೇರೆಯವರಿಗೆ ಹೋಗುತ್ತೆ."

ಕೊಟ್ರೇಶ ಕೋವಿಯನ್ನು ಅವನ ಕಡೆಗೆ ಚಾಚಿದ. "ಹೋಗಲಿ ಸರ್. ಆದ್ರ ಒಮ್ಮೆ ಕೈಯಾಗ ಹಿಡಿದು ನೋಡಿ ಹೇಳ್ರಿ."

ಸುಕೇಶ್ ಬೇಸರದಿಂದಲೇ ಕೋವಿ ತೆಗೆದುಕೊಂಡ. ಹೆಗಲಿಗೆ ಏರಿಸಿದ. ಹೆಬ್ಬೆರಳು ಹೊಳೆಯುವ ಜಾಗವನ್ನು ತಾನೇ ಹುಡುಕಿಕೊಂಡು ಹೋಗಿ ಕೂತಿತು. ಅವನು ಹೊಳೆಯ ಆಚೆ ದಂಡೆಯ ಕಡೆಗೆ ಗುರಿ ಹಿಡಿದ. ಅಲ್ಲಿ ಯಾರೋ ಇದ್ದಾರೆಂಬಂತೆ ಬಹಳ ಹೊತ್ತು ಹಾಗೇ ನಿಂತ. ಇಳಿಸಿದಾಗ ಅವನ ಅಂಗೈ ಒದ್ದೆಯಾಗಿತ್ತು.

ಅವನು ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ.

"ಉಳಿದವನ್ನೂ ಶುರು ಮಾಡಿ," ಎಂದ ಕೊಟ್ರೇಶನಿಗೆ.

ಕಾರು ಹತ್ತಲು ಹೋದವನು ಸಮಾಧಾನವಾಗದೆ ನೀಲಗಂಗವ್ವನ ಹತ್ತಿರ ತಿರುಗಿ ಬಂದ.

"ನನಗೇನೋ ಸರಿ ಅನ್ನಿಸ್ತಮ್ಮಾ. ಆದ್ರೆ ಟೀವಿ ನೋಡೋರ ಕೈಗೆ ನಾನು ಇದನ್ನ ಕೊಡೋಕಾಗಲ್ಲ. ಇದು ಹಳೇ ಕಾಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ಹೇಳಿ?"

ನೀಲಗಂಗವ್ವ ಮೊರವನ್ನು ಕೆಳಗಿಟ್ಟಳು.

"ತಾನಿರೋದು ಹಳೇ ಕಾಲ ಅಂತ ದುರ್ಗಪ್ಪನಿಗೆ ಗೊತ್ತಿತ್ತೇನಪಾ?"