ಬಂಡಿ ಅರಿಶಿಣ, ಒಂದು ಗಿಂಡಿ

ಎತ್ತು ಏದುಸಿರು ಬಿಡ್ತಾ ಹೊರೋದನ್ನ ಕಿರುಬೆರಳು ನಗ್ತಾ ಹೊರುತ್ತೆ, ಏನದು? ಗೊತ್ತಾಗಲ್ಲ ಬಿಡಿ, ನಮ್ಮ ಮೇಷ್ಟ್ರಿಗೂ ಗೊತ್ತಾಗ್ಲಿಲ್ಲ. ನಮ್ಮಜ್ಜಿ ನನ್ನ ತಂಗಿ ಚೆಲುವೀನ ತಟ್ಟಿ ಮಲಗಿಸ್ತಾ ಹೇಳಿದ ಕತೇಲಿ ಉತ್ತರ ಐತೆ, ಕೇಳಿ.

ಆನೆಗಳಿಗೂ ಮಾತು ಬರ್ತಿದ್ದ ಒಂದಾನೊಂದು ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಜವರಪ್ಪ ಅಂತ ಒಬ್ಬ ಅರಿಶಿಣ ಬೆಳೀತಿದ್ನಂತೆ. ಅವನಿಗೆ ಇಬ್ಬರು ಗಂಡುಮಕ್ಕಳು, ನಂಜಿ ಅಂತ ಒಬ್ಬಳು ಮಗಳು, ಕೆಂದ ಅಂತ ಒಂದು ಮುದಿ ಎತ್ತು. ವರ್ಷಾ ವರ್ಷಾ ಬೆಟ್ಟದ ಮೇಲಿನ ಅರಮನೆಗೆ, ರಾಣಿಯರು ಮೈಗೆ ಹಚ್ಕೊಳ್ಳೋಕೆ, ಕೆಂದ ಒಂದು ಬಂಡಿ ಅರಿಶಿಣ ಎಳೀಬೇಕಿತ್ತಂತೆ. ಆ ಸಲ ಅದರ ಮೊಣಕಾಲು ನಡುಗ್ತಿತ್ತಂತೆ. ಹತ್ತಿದ್ರೆ ಇದು ಇಳಿಯಲ್ಲ ಸ್ವಾಮಿ ಅಂತ ಜವರಪ್ಪ ರಾಜನ ಕಾಲಿಗೆ ಬಿದ್ದ. ನಮಗೆ ಬೇಕಾಗಿರೋದು ಗೆಡ್ಡೆ ಅಲ್ಲಪ್ಪ, ಬಣ್ಣ. ಅದನ್ನ ಒಂದು ಗಿಂಡೀಲಿ ತಂದ್ಕೊಡು, ಆಗದಿದ್ರೆ ಗಾಡಿ ಹೂಡು ಅಂದ್ನಂತೆ ರಾಜ.

ಆಮೇಲೆ ದೊಡ್ಡ ಮಗ ಒಟ್ಟಿದ ಸೌದೆ ಎಲ್ಲ ಉರಿಸಿ ಅರಿಶಿಣಾನ ನೀರಲ್ಲಿ ಕುದಿಸಿದ್ನಂತೆ. ಬೆಟ್ಟ ಹತ್ತೋದ್ರೊಳಗೆ ಬಣ್ಣ ತಳ ಸೇರಿ, ಮೇಲೆ ಬರೀ ನೀರು. ರಾಜ, ಕುಡಿಯೋಕೆ ತಂದ್ಯಾ ಅಂದ್ನಂತೆ. ಆಮೇಲೆ ಎರಡನೆಯವನು, ಬಟ್ಟೆ ಕೊಳೆ ಬಿಡಿಸೋ ಬೂದಿನೀರು ಬಣ್ಣಾನೂ ಬಿಡಿಸ್ತದೆ ಅಂತ ಅದನ್ನ ಹುಯ್ದನಂತೆ. ಎಲ್ಲ ಕೆಂಪಗಾಗೋಯ್ತು. ರಾಜ ಗಿಂಡಿ ನೋಡಿ, ರಾಣಿಗೆ ಓಕುಳಿ ಹಚ್ಚಲೇನೋ ಅಂದ್ನಂತೆ.

ಅಜ್ಜಿ, ನಂಜಿ ಎಲ್ಲೋದ್ಲು? ಅಂದ್ಲು ಚೆಲುವಿ.

ಇರು ಮಗ, ಬತ್ತಾವ್ಳೆ. ನಂಜಿಗೆ ಮದುವೆಮನೆ ನೆನಪಾಯ್ತಂತೆ. ಮದುವಣಗಿತ್ತಿಗೆ ಬರೀ ಅರಿಶಿಣ ಹಚ್ಚಲ್ಲ, ಎಣ್ಣೆ ಅರಿಶಿಣ ಅಂತ ಶಾಸ್ತ್ರ ಮಾಡ್ತಾರೆ, ಎಣ್ಣೆ ತಾಗಿದ ಕಡೆ ಎಷ್ಟು ತೊಳೆದ್ರೂ ಹೋಗಲ್ಲ. ಅವಳು ಪುಡೀನ ಎಳ್ಳೆಣ್ಣೇಲಿ ನೆನೆಸಿ ಬಿಸಿಲಿಗಿಟ್ಲಂತೆ, ಸೌದೆ ಖರ್ಚೇ ಇಲ್ಲ. ಆಮೇಲೆ ಹಿಂಡಿ, ಅದೇ ಎಣ್ಣೆಗೆ ಹೊಸ ಪುಡಿ ಹಾಕಿ, ಮತ್ತೆ ಬಿಸಿಲಿಗಿಟ್ಟು, ಮತ್ತೆ ಹಿಂಡಿ, ಬಂಡಿ ಖಾಲಿ ಆಗೋವರ್ಗೂ ಹಂಗೇ ಮಾಡಿದ್ಲಂತೆ. ಎಣ್ಣೆ ಜೇನಿನಂಗೆ ಗಟ್ಟಿ ಬಣ್ಣ ಕುಡೀತಂತೆ. ಆಮೇಲೆ ಗಿಂಡಿ ಎತ್ಕೊಂಡು ಬೆಟ್ಟ ಹತ್ತಿದ್ಲಂತೆ. ಕೆಳಗೆ ಜವರಪ್ಪ ಕೆಂದನ ಕೊರಳು ತಬ್ಬಿ ಕೂತಿದ್ನಂತೆ, ನೊಗ ಪಕ್ಕದಲ್ಲೇ ಇತ್ತಂತೆ.

ರಾಜ ಕಿರುಬೆರಳ ತುದಿ ಅದ್ದಿ ರಾಣಿಯ ಬಿಳಿ ಸೆರಗಿಗೆ ತಾಗಿಸಿದ್ನಂತೆ. ಸೆರಗು ಹೊನ್ನಿನಂಗಾಯ್ತು. ತೊಳೆಸಿದ, ಹೋಗ್ಲಿಲ್ಲ. ಎತ್ತು ಮನೇಲಿರ್ಲಿ ಅಂದ್ನಂತೆ. ಹಿಂಡಿ ಉಳಿದ ಚರಟ ಕೆಂದನ ಬಾನಿಗೇ ಬಿತ್ತು. ಎಲ್ಲರೂ ಸುಖವಾಗಿದ್ರಂತೆ. ಅಷ್ಟೊತ್ತಿಗೆ ಚೆಲುವಿಗೂ ನಿದ್ದೆ.

ನಿಜ ಏನಂದ್ರೆ, ನಂಜಿ ಬೆಟ್ಟ ಹತ್ತೋ ಹೊತ್ಗೆ ಅಜ್ಜಿ ಗೊರಕೆ ಹೊಡೀತಿದ್ಲು. ಕೆಂದ ಸತ್ತೋಯ್ತಾ ಅಂತ ಚೆಲುವಿ ಅಳೋಕೆ ಶುರು ಮಾಡಿದ್ಲು, ಮಿಕ್ಕಿದ್ದು ನಾನೇ ಕಟ್ಟಿ ಹೇಳಿದೆ. ಬೆಳಿಗ್ಗೆ ಅಜ್ಜೀನ ಕೇಳಿದ್ರೆ, ನಮ್ಮಜ್ಜೀನೂ ಅಲ್ಲಿಗೇ ನಿದ್ದೆ ಹೋಗ್ತಿದ್ಲು ಕಣ್ಲಾ, ಮುಂದೇನಾಯ್ತೋ ನಂಗೂ ತಿಳೀದು ಅಂದ್ಲು.

ಕತೆ ಮುಗೀತು. ಕೆಂದನ್ನ ಉಳಿಸಿದ್ದು ನಾನು.