ಕೆಂಪು ಮರಗಳು ಸುತ್ತುಗಟ್ಟಿ ನಿಂತ ಕಥೆ

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ತಮಗೊಂದು ಜಾಗ ನೋಡಿಕೊಂಡು ಆಗಷ್ಟೇ ಕೂತಿದ್ದವು. ಹೊಳೆಗಳು ಇನ್ನೂ ದಾರಿ ಹುಡುಕುತ್ತಿದ್ದವು. ಆ ಕಾಲದಲ್ಲಿ ಎಲ್ಲರಿಗೂ ಮಾತು ಬರುತ್ತಿತ್ತು ಮಗು, ಮರಕ್ಕೂ ಬರುತ್ತಿತ್ತು, ಹುಳಕ್ಕೂ ಬರುತ್ತಿತ್ತು.

ಪಡುವಣ ಕಡಲಿನ ಪಕ್ಕದ ಕಣಿವೆಯೊಂದರಲ್ಲಿ ಒಂದೇ ಒಂದು ಕೆಂಪು ಮರ ಇತ್ತು. ನಾವು ಈಗ ರೆಡ್‌ವುಡ್ ಅನ್ನುತ್ತೇವಲ್ಲ, ಅದೇ. ತೊಗಟೆ ತೆಂಗಿನ ನಾರಿನ ಹಾಗೆ ಎಳೆ ಎಳೆ, ಬಣ್ಣ ಮಾತ್ರ ಕೆಂಪು. ಎಲ್ಲರೂ ಆಕೆಯನ್ನು ಕೆಂಚವ್ವ ಎಂದು ಕರೆಯುತ್ತಿದ್ದರು. ಅವಳ ತುದಿ ಮೋಡಕ್ಕೆ ತಾಗುತ್ತಿತ್ತು. ಅಷ್ಟು ಎತ್ತರದಿಂದ ಅವಳು ಎಷ್ಟು ದೂರ ನೋಡಿದರೂ ತನ್ನಂಥ ಇನ್ನೊಂದು ಮರ ಕಾಣುತ್ತಿರಲಿಲ್ಲ.

ಕೆಂಚವ್ವನಿಗೆ ಮಕ್ಕಳು ಬೇಕಿತ್ತು. ಬೇರೆ ಏನೂ ಬೇಕಿರಲಿಲ್ಲ.

ಚಳಿಗಾಲ ಮುಗಿಯುತ್ತ ಬಂದಾಗ ಅವಳು ತನ್ನ ಪುಟ್ಟ ಕಾಯಿಗಳನ್ನು ಬಿರಿಸಿ ಬೀಜ ಉದುರಿಸುತ್ತಿದ್ದಳು. ಮರ ಅಷ್ಟು ದೊಡ್ಡದು, ಬೀಜ ಟೊಮೆಟೊ ಬೀಜದಷ್ಟು ಸಣ್ಣದು. ಗಾಳಿ ಅವನ್ನು ಹೊತ್ತುಕೊಂಡು ಹೋಗುತ್ತಿತ್ತು.

ಗಾಳಿ ತಿರುಗಿ ಬಂದಾಗ ಅವಳು ಕೇಳುತ್ತಿದ್ದಳು, "ಗಾಳಿಯಣ್ಣ, ನನ್ನ ಮಕ್ಕಳು ಏನಾದರು?"

ಗಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಕೆಲವು ಕಡಲಿಗೆ ಬಿದ್ದವು ಕೆಂಚವ್ವ. ಕೆಲವು ತರಗೆಲೆಯ ಮೇಲೆ ಬಿದ್ದವು. ನೆಲ ಮುಟ್ಟಲಾಗದೆ ಅಲ್ಲೇ ಕೊಳೆತವು."

"ಒಂದಾದರೂ?"

"ಒಂದೂ ಇಲ್ಲ."

ಮರುವರ್ಷವೂ ಚಳಿಗಾಲ ಮುಗಿಯುತ್ತ ಬಂತು, ಮತ್ತೆ ಬೀಜ ಉದುರಿದವು. ಮತ್ತೆ ಅವಳು ಕೇಳಿದಳು. ಮತ್ತೆ ಗಾಳಿ ಒಂದೂ ಇಲ್ಲ ಅಂತು. ಹೀಗೆ ಎಷ್ಟು ಚಳಿಗಾಲ ಹೋಯಿತೋ, ಎಣಿಸಿದವರು ಯಾರೂ ಇಲ್ಲ.

ಅವಳ ಬುಡದಲ್ಲಿ ಒಂದು ಹುಳು ಇತ್ತು. ಬಸವನಹುಳುವಿನ ಹಾಗೇ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲ. ಮೈ ಬಾಳೆಹಣ್ಣಿನಂತೆ ಹಳದಿ. ನಿಧಾನವಾಗಿ ಹರಿಯುತ್ತಿದ್ದುದರಿಂದ ಅದು ನೋಡದೆ ಬಿಟ್ಟದ್ದು ಏನೂ ಇರಲಿಲ್ಲ. ಒಂದು ದಿನ ಅದು ಬಂದು ಹೇಳಿತು, "ಕೆಂಚವ್ವ, ತೊರೆಯ ದಡದಲ್ಲಿ ಹೊಸ ಮೆಕ್ಕಲು ಮಣ್ಣು ಬಿದ್ದಿದೆ. ಅದರಲ್ಲಿ ಎಳೆ ಸಸಿಯೊಂದು ಎದ್ದಿದೆ. ಥೇಟ್ ನಿನ್ನ ಎಲೆ."

ಕೆಂಚವ್ವ ಬಗ್ಗಿ ನೋಡಿದಳು. ಅವಳಿಗೆ ಅಷ್ಟು ಕೆಳಗಿನದು ಸರಿಯಾಗಿ ಕಾಣಲಿಲ್ಲ. ಹಸಿರಿನ ಒಂದು ಚುಕ್ಕಿ ಕಂಡಿತು, ಅಷ್ಟೆ. ಅವಳು ಅದಕ್ಕೆ ಚಿಗುರಿ ಎಂದು ಹೆಸರಿಟ್ಟಳು.

"ಚಿಗುರೀ," ಎಂದು ಕರೆದಳು.

"ಅವ್ವಾ," ಅಂತು ಕೆಳಗಿನಿಂದ ಒಂದು ಸಣ್ಣ ದನಿ.

ಆ ವರ್ಷ ಕಣಿವೆಯವರೆಲ್ಲ ಕೆಂಚವ್ವನ ನಗು ಕೇಳಿದರು. ಬೇಸಿಗೆಯಲ್ಲಿ ಕಡಲಿನಿಂದ ಮಂಜು ಬಂದರೆ ಅವಳು ಅದನ್ನು ಕೊಂಬೆಗಳಲ್ಲಿ ತಡೆದು ಹನಿ ಮಾಡಿ ಮಗಳ ಕಡೆ ಉದುರಿಸುತ್ತಿದ್ದಳು. ಬಿಸಿಲು ಜೋರಾದರೆ ನೆರಳು ಕೊಡುತ್ತಿದ್ದಳು. ದಿನಾ ಕರೆಯುತ್ತಿದ್ದಳು. ದಿನಾ ಮಗಳು ಓಗೊಡುತ್ತಿದ್ದಳು.

ಮತ್ತೆ ಚಳಿಗಾಲ ಬಂದು, ಮುಗಿಯುವ ಹೊತ್ತಾಯಿತು. ಆ ಕಣಿವೆಯಲ್ಲಿ ಮಳೆ ಬರುವುದೇ ಚಳಿಗಾಲಕ್ಕೆ, ಆ ಸಲ ಆಕಾಶ ಒಡೆದಂತೆ ಸುರಿಯಿತು. ತೊರೆಯ ನೀರು ಕೆಂಪಾಯಿತು, ಮೇಲೇರಿತು, ದಡ ಕೆರೆಯತೊಡಗಿತು.

"ತಂಗೀ," ಎಂದು ಕೆಂಚವ್ವ ತೊರೆಯನ್ನು ಕರೆದಳು. "ನಿನಗೆ ಮಣ್ಣು ಬೇಕಿದ್ದರೆ ನನ್ನ ಕಡೆಯ ದಡ ತಗೋ. ನನ್ನ ಬೇರು ತಗೋ. ಚಿಗುರಿಯ ಕಡೆ ಹೋಗಬೇಡ."

"ನಾನು ಹೋಗುತ್ತಿಲ್ಲ ಅಕ್ಕಾ," ಎಂದು ತೊರೆ ಅತ್ತಿತು. "ಹಿಂದಿನ ನೀರು ನನ್ನನ್ನು ನೂಕುತ್ತಿದೆ. ನಿಲ್ಲೋಣವೆಂದರೆ ನನಗೆ ಕಾಲಿಲ್ಲ."

ದಡ ಕುಸಿಯಿತು. "ಅವ್ವಾ" ಎಂಬ ದನಿ ಒಂದು ಸಲ ಹತ್ತಿರದಲ್ಲಿ ಕೇಳಿತು, ಇನ್ನೊಂದು ಸಲ ದೂರದಲ್ಲಿ ಕೇಳಿತು. ಆಮೇಲೆ ನೀರಿನ ಸದ್ದು ಮಾತ್ರ.

ಮಳೆ ನಿಂತ ಮೇಲೆ ಕೆಂಚವ್ವ ಗಾಳಿಯನ್ನು ಕಡಲಿಗೆ ಕಳಿಸಿದಳು. ಗಾಳಿ ಅಲೆಅಲೆಯನ್ನೂ ಎತ್ತಿ ನೋಡಿ ಬಂತು.

"ಕಡಲು ದೊಡ್ಡದು ಕೆಂಚವ್ವ. ಸಿಗಲಿಲ್ಲ."

ಆ ದಿನದಿಂದ ಕೆಂಚವ್ವ ಬೀಜ ಕಟ್ಟಲಿಲ್ಲ. ಕಡಲು ಕಾಣುವ ಕಡೆಗೆ ಸ್ವಲ್ಪ ಬಾಗಿದಳು. ಮರುದಿನ ಇನ್ನೂ ಸ್ವಲ್ಪ ಬಾಗಿದಳು. ತೊರೆಯಲ್ಲಿ ಹೋಗುವ ಮೀನನ್ನು ಕೇಳಿದಳು, "ನನ್ನ ಮಗಳನ್ನು ನೋಡಿದೆಯಾ?" ನೀರು ಕುಡಿಯಲು ಬಂದ ಜಿಂಕೆಯನ್ನು ಕೇಳಿದಳು. ಕಾಗೆಯನ್ನು ಕೇಳಿದಳು. ಯಾರೂ ನೋಡಿರಲಿಲ್ಲ. ಕೊನೆಕೊನೆಗೆ ಅವಳನ್ನು ಕಂಡರೆ ಎಲ್ಲರೂ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದರು. ಇಲ್ಲ ಅನ್ನುವುದಕ್ಕೂ ಎದೆ ಗಟ್ಟಿ ಇರಬೇಕಲ್ಲ ಮಗು.

ಹಳದಿ ಹುಳು ಮಾತ್ರ ಅಲ್ಲೇ ಇತ್ತು. ಅದಕ್ಕೆ ಬೇಗ ಎಲ್ಲಿಗೂ ಹೋಗಲಾಗುತ್ತಿರಲಿಲ್ಲ.

ಮುಂದಿನ ಚಳಿಗಾಲದ ಕೊನೆಗೆ ಬಿರುಗಾಳಿ ಎದ್ದಿತು. ಈ ಸಲ ಅದು ಬೆಟ್ಟದ ಕಡೆಯಿಂದ ಇಳಿಯಿತು.

"ಕೆಂಚವ್ವ, ಇವತ್ತು ನನಗೇ ನನ್ನ ಮೇಲೆ ಹಿಡಿತವಿಲ್ಲ," ಎಂದು ಗಾಳಿ ದೂರದಿಂದಲೇ ಕೂಗಿ ಹೇಳಿತು. "ಬಾಗಬೇಡ. ನೆಟ್ಟಗೆ ನಿಲ್ಲು. ನೆಟ್ಟಗೆ ನಿಂತರೆ ನಿನಗೆ ಏನೂ ಆಗುವುದಿಲ್ಲ."

"ಯಾರಿಗೋಸ್ಕರ ನಿಲ್ಲಲಿ ಅಣ್ಣಾ?" ಅಂದಳು ಕೆಂಚವ್ವ.

ಗಾಳಿ ಬಂದು ಅಪ್ಪಳಿಸಿತು. ಕೆಂಚವ್ವ ಬುಡದ ಹತ್ತಿರ ಮುರಿದು ಕಡಲಿನ ದಿಕ್ಕಿಗೆ ಮಲಗಿದಳು. ಕಣಿವೆ ನಡುಗಿತು. ಎಂದೂ ಬಿಸಿಲು ಕಾಣದ ನೆಲದ ಮೇಲೆ ಬಿಸಿಲು ಬಿತ್ತು.

ಹುಳು ಅವಳ ತೊಗಟೆಯ ಮೇಲೆ ಹತ್ತಿತು. ಕೆಂಚವ್ವನಿಗೆ ಇನ್ನೂ ಸ್ವಲ್ಪ ಉಸಿರಿತ್ತು.

"ಯಾರಾದರೂ ಬಂದರಾ?" ಎಂದು ಕೇಳಿದಳು.

ಹುಳು ಸುತ್ತ ನೋಡಿತು. "ಇಲ್ಲ ಕೆಂಚವ್ವ," ಅಂತು.

ಅವಳ ಕಿವಿಗೆ ಬಿದ್ದ ಕೊನೆಯ ಮಾತು ಅದೇ.

ವಸಂತ ಬಂತು. ಮುರಿದ ಬುಡದ ಸುತ್ತ ಮಣ್ಣು ಉಬ್ಬಿತು. ಅಲ್ಲೊಂದು ಇಲ್ಲೊಂದು ಹಸಿರು ಮೊಳಕೆ ತಲೆಯೆತ್ತಿತು. ದಿನ ಹೋದಂತೆ ಬುಡದ ಸುತ್ತಲೂ ಮೊಳಕೆಗಳು. ಅವಳ ಬೇರಿನ ಗಂಟುಗಳಲ್ಲಿ ಅವು ಮೊದಲಿನಿಂದಲೂ ಮಲಗಿದ್ದವು. ತಾಯಿ ನಿಂತಿರುವವರೆಗೂ ಅವಕ್ಕೆ ಎಚ್ಚರವಾಗುವಂತಿರಲಿಲ್ಲ. ಅದು ಕೆಂಚವ್ವನಿಗೂ ಗೊತ್ತಿರಲಿಲ್ಲ, ಗಾಳಿಗೂ ಗೊತ್ತಿರಲಿಲ್ಲ, ಎಲ್ಲವನ್ನೂ ನೋಡುವ ಹುಳುವಿಗೂ ಗೊತ್ತಿರಲಿಲ್ಲ.

ಮೊಳಕೆಗಳು ಕಣ್ಣು ಬಿಟ್ಟವು. ನಡುವಿನ ಜಾಗದ ಕಡೆ ತಿರುಗಿದವು. "ಅವ್ವಾ," ಅಂದವು.

ಯಾರೂ ಓಗೊಡಲಿಲ್ಲ.

"ಅವ್ವ ಎಲ್ಲಿ?" ಎಂದು ಹುಳುವನ್ನು ಕೇಳಿದವು.

ಹುಳು ನಡೆದದ್ದನ್ನೆಲ್ಲ ಹೇಳಿತು. ನಿಧಾನವಾಗಿ ಹೇಳಿತು, ಅದಕ್ಕೆ ಬೇರೆ ರೀತಿ ಬರುತ್ತಿರಲಿಲ್ಲ.

"ನಾವು ಇದ್ದೇವೆಂದು ಅವಳಿಗೆ ಗೊತ್ತಿತ್ತಾ?" ಎಂದಿತು ಒಂದು ಮೊಳಕೆ.

"ಇಲ್ಲ."

"ನಾವು ಬೇಕು ಅಂತ ಇತ್ತಾ ಅವಳಿಗೆ?"

"ಕಂಡಕಂಡವರನ್ನೆಲ್ಲ ಕೇಳುತ್ತಿದ್ದಳು," ಅಂತು ಹುಳು.

ಮೊಳಕೆಗಳು ಬಹಳ ದಿನ ಕರೆದವು. ಬೆಳಿಗ್ಗೆ ಕರೆದವು, ಸಂಜೆ ಕರೆದವು. ಒಂದು ಕರೆದು ನಿಲ್ಲಿಸಿದರೆ ಪಕ್ಕದ್ದು ಕರೆಯುತ್ತಿತ್ತು. ಗಾಳಿ ಅದನ್ನು ಕೇಳಲಾಗದೆ ಆ ಕಣಿವೆಗೆ ಬರುವುದನ್ನೇ ಕಡಿಮೆ ಮಾಡಿತು. ಮಕ್ಕಳು ಬೆಳೆದು ಮರಗಳಾದವು. ಒಂದು ದಿನ ಕರೆಯುವುದು ನಿಂತಿತು. ಅದರ ಜೊತೆಗೆ ಮಾತೂ ನಿಂತುಹೋಯಿತು. ಅವ್ವಾ ಎನ್ನಲು ಯಾರೂ ಇಲ್ಲದಿದ್ದಾಗ ಇನ್ನೇನು ಮಾತಾಡುವುದು?

ಅವು ಕೊನೆಯದಾಗಿ ಆಡಿದ ಮಾತು ಗಾಳಿಯ ಜೊತೆ. ಕೆಂಚವ್ವನ ಬುಡ ಆ ಹೊತ್ತಿಗೆ ಕೊಳೆತು ಮಣ್ಣಾಗಿತ್ತು. ನಡುವೆ ಬಯಲಾಗಿ, ಮೇಲಿನಿಂದ ಬೆಳಕು ನೇರ ಬೀಳುತ್ತಿತ್ತು.

"ಒಳ್ಳೆಯ ಮಣ್ಣು, ಒಳ್ಳೆಯ ಬೆಳಕು," ಎಂದಿತು ಗಾಳಿ. "ಒಂದು ಬೀಜ ಕೊಡಿ, ಅಲ್ಲಿ ಹಾಕುತ್ತೇನೆ. ಚೆನ್ನಾಗಿ ಬರುತ್ತದೆ."

"ಬೇಡ," ಅಂದವು ಮರಗಳೆಲ್ಲ ಒಟ್ಟಿಗೆ. "ಅದು ಅವ್ವನ ಜಾಗ."

ಆಮೇಲೆ ಅವು ಬಾಯಿ ತೆರೆದಿಲ್ಲ.

ಆ ಮರಗಳ ಮಕ್ಕಳು, ಮಕ್ಕಳ ಮಕ್ಕಳು ಕಡಲಿನ ಉದ್ದಕ್ಕೂ ಹಬ್ಬಿ ಕಾಡಾದವು. ಈಗ ಅದನ್ನು ಪಾರ್ಕ್ ಅನ್ನುತ್ತಾರೆ, ದೂರದ ಊರುಗಳಿಂದ ಜನ ನೋಡಲು ಬರುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಹೋದರೆ, ಮಗು, ಕೆಂಪು ಮರಗಳು ಖಾಲಿ ಜಾಗವೊಂದರ ಸುತ್ತ ಬಳೆಯ ಹಾಗೆ ನಿಂತಿರುವುದು ಇವತ್ತಿಗೂ ಕಾಣುತ್ತದೆ. ಅಷ್ಟು ಹೊತ್ತು ದಾರಿಯುದ್ದಕ್ಕೂ ಗಲಾಟೆ ಮಾಡುತ್ತ ಬಂದ ಮಕ್ಕಳು ಆ ಬಳೆಯ ನಡುವೆ ಕಾಲಿಟ್ಟ ಕೂಡಲೇ, ಯಾರೂ ಹೇಳದೆಯೇ, ದನಿ ತಗ್ಗಿಸುತ್ತಾರೆ.